ಸರದಿ, ಜಗಳ, ಗೆಳೆತನ: ಪುಟ್ಟ ಮಕ್ಕಳಿಗೆ ಚಿತ್ರಪುಸ್ತಕ ಓದಿ ಹೇಳುವುದು ಹೇಗೆ?

ಜೂನ್ ಮೊದಲ ವಾರ ನಮ್ಮ ಒಂದನೇ ತರಗತಿಯ ಬಾಗಿಲಲ್ಲಿ ನಿಂತರೆ ಪ್ರತಿ ವರ್ಷವೂ ಕಾಣುವ ಮೂವರು ಮಕ್ಕಳಿದ್ದಾರೆ. ಒಂದು ಮಗು ಅಮ್ಮನ ಸೆರಗನ್ನು ಮುಷ್ಟಿಯಲ್ಲಿ ಹಿಡಿದಿರುತ್ತದೆ, ಬಿಡಿಸಲು ಹೋದರೆ ಚೀರುತ್ತದೆ. ಇನ್ನೊಂದು ಬಂದ ಐದೇ ನಿಮಿಷದಲ್ಲಿ ಪಕ್ಕದವನ ಬಳಪ ಕಿತ್ತುಕೊಂಡಿರುತ್ತದೆ. ಮೂರನೆಯದು ಅಳುವುದೂ ಇಲ್ಲ, ಕಿತ್ತುಕೊಳ್ಳುವುದೂ ಇಲ್ಲ. ಗೋಡೆಗೆ ಬೆನ್ನು ಕೊಟ್ಟು ಕೂತು ಉಳಿದವರ ಆಟವನ್ನು ಪಿಳಿಪಿಳಿ ನೋಡುತ್ತಿರುತ್ತದೆ. ಮೂವರಿಗೂ ನಾವು ದೊಡ್ಡವರು ಹೇಳುವ ಮಾತು ಮಾತ್ರ ಒಂದೇ: "ಜಾಣ ಮರಿ ಅಲ್ವಾ, ಎಲ್ಲರ ಜೊತೆ ಚೆನ್ನಾಗಿರಬೇಕು."

ಚೆನ್ನಾಗಿರುವುದು ಅಂದರೇನು ಅಂತ 5 ವರ್ಷದ ಮಗುವಿಗೆ ಹೇಗೆ ಗೊತ್ತಾಗಬೇಕು? ಅದನ್ನು ಕಣ್ಣಿಗೆ ಕಾಣುವ ಹಾಗೆ ಮಾಡುವ ಶಕ್ತಿ ಚಿತ್ರಪುಸ್ತಕಕ್ಕಿದೆ. ಆದರೆ ಆ ಶಕ್ತಿ ಕೊನೆಯ ಪುಟದ ನೀತಿಯಲ್ಲಿಲ್ಲ. ಅದು ನನಗೆ ಅರ್ಥವಾಗಲು ಕೆಲವು ವರ್ಷ ಬೇಕಾಯಿತು. ಮೊದಮೊದಲು ಪುಸ್ತಕ ಮುಚ್ಚಿ, "ಈ ಕಥೆಯಿಂದ ಏನು ಕಲಿತಿರಿ?" ಅಂತ ಕೇಳುತ್ತಿದ್ದೆ. "ಜಗಳ ಆಡಬಾರದು ಮಿಸ್" ಅಂತ ಮೂವತ್ತು ಬಾಯಿ ಒಟ್ಟಿಗೆ ಹೇಳುತ್ತಿದ್ದವು. ಬಿಸಿಯೂಟದ ತಟ್ಟೆ ತೊಳೆಯಲು ನಲ್ಲಿಯ ಹತ್ತಿರ ಹೋದ ಕೂಡಲೇ ಅದೇ ಮಕ್ಕಳು ಒಬ್ಬರನ್ನೊಬ್ಬರು ತಳ್ಳುತ್ತಿದ್ದರು. ಕಥೆಯ ನಡುವೆ, ಚಿತ್ರದಲ್ಲಿರುವ ಮಗುವಿನ ಮುಖ ನೋಡಿ "ಅವನಿಗೆ ಬೇಜಾರಾಗಿದೆ" ಅಂತ ಮಗು ತಾನಾಗಿ ಹೇಳುತ್ತದಲ್ಲ, ಕಲಿಕೆ ಆಗುವುದು ಆ ಗಳಿಗೆಯಲ್ಲಿ. ಕೆಳಗೆ ಹೇಳಿರುವ ಕ್ರಮವೆಲ್ಲ ಆ ಗಳಿಗೆಗೆ ಜಾಗ ಮಾಡಿಕೊಡುವುದಕ್ಕಾಗಿಯೇ.

1. ಮೊದಲು ಮಗುವನ್ನು ನೋಡಿ, ಆಮೇಲೆ ಪುಸ್ತಕ

ಅಂಗಡಿಗೆ ಹೋಗುವ ಮುಂಚೆ ಒಂದು ವಾರ ಮಗುವನ್ನು ಗಮನಿಸಿ. "ಒಳ್ಳೆಯ ನಡತೆ ಕಲಿಸುವ ಪುಸ್ತಕ ಕೊಡಿ" ಅಂತ ಕೇಳಿದರೆ ಯಾರಿಗೂ ಅಂಟದ ಪುಸ್ತಕ ಕೈಗೆ ಬರುತ್ತದೆ. ನಿಮ್ಮ ಮಗುವಿನ ತೊಂದರೆ ಚಿಕ್ಕದು, ಖಚಿತವಾದದ್ದು. ಶಾಲೆಯ ಗೇಟಿನ ಹತ್ತಿರ ಕೈ ಬಿಡುವಾಗ ಅಳುತ್ತಾನೆಯೇ? ಶೌಚಾಲಯಕ್ಕೆ ಹೋಗಬೇಕು ಅಂತ ಟೀಚರ್ ಹತ್ತಿರ ಹೇಳಲು ನಾಚಿಕೊಂಡು ಬಟ್ಟೆ ಒದ್ದೆ ಮಾಡಿಕೊಳ್ಳುತ್ತಾಳೆಯೇ? ಜಾರುಬಂಡೆಯ ಹತ್ತಿರ ಸರದಿ ಕಾಯಲು ಆಗುವುದಿಲ್ಲವೇ? ನಿನ್ನೆಯ ಗೆಳತಿ ಇವತ್ತು ಠೂ ಬಿಟ್ಟಳು ಅಂತ ಊಟ ಬಿಟ್ಟಿದ್ದಾಳೆಯೇ? ಇದರಲ್ಲಿ ಯಾವುದಾದರೂ ಒಂದನ್ನು ಆರಿಸಿಕೊಳ್ಳಿ. ಒಂದು ಪುಸ್ತಕಕ್ಕೆ ಒಂದೇ ವಿಷಯ ಸಾಕು.

ವಯಸ್ಸನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. 2-3 ವರ್ಷದ ಮಕ್ಕಳು ಅಕ್ಕಪಕ್ಕ ಕೂತಿದ್ದರೂ ತಮ್ಮ ತಮ್ಮ ಆಟವನ್ನೇ ಆಡುತ್ತಿರುತ್ತಾರೆ. ಮಕ್ಕಳ ಆಟವನ್ನು ಅಧ್ಯಯನ ಮಾಡಿದ ಅಮೆರಿಕದ ಸಂಶೋಧಕಿ ಮಿಲ್ಡ್ರೆಡ್ ಪಾರ್ಟನ್ 1932ರಲ್ಲೇ ಇದನ್ನು ಗುರುತಿಸಿ ಬರೆದಿದ್ದಾರೆ. ಅದು ಜಂಬವೂ ಅಲ್ಲ, ಸ್ವಾರ್ಥವೂ ಅಲ್ಲ, ಆ ವಯಸ್ಸಿನ ಆಟವೇ ಹಾಗೆ. ನನಗೆ ಗೊತ್ತಿರುವುದು ಇನ್ನೊಬ್ಬರಿಗೆ ಗೊತ್ತಿಲ್ಲದಿರಬಹುದು ಎನ್ನುವ ಅರಿವು ಗಟ್ಟಿಯಾಗುವುದು 4 ವರ್ಷದ ಆಸುಪಾಸಿನಲ್ಲಿ. ಹಾಗಾಗಿ ಅಂಗನವಾಡಿ ವಯಸ್ಸಿನವರಿಗೆ ಒಂದೇ ಕೆಲಸವಿರುವ ಕಥೆ ಹಿಡಿಸುತ್ತದೆ: ಕೊಡುವುದು, ಕಾಯುವುದು, ಟಾಟಾ ಮಾಡುವುದು. ತಪ್ಪು ತಿಳಿದುಕೊಂಡು ಜಗಳವಾಗುವುದು, ಇಬ್ಬರು ಗೆಳೆಯರ ನಡುವೆ ಮೂರನೆಯವನು ಬಂದು ಸೇರುವುದು, ಇಂಥವನ್ನೆಲ್ಲ 5-6 ವರ್ಷದವರಿಗೆ ಇಡಿ.

2. ಪುಸ್ತಕ ಆರಿಸುವಾಗ

ನಾನು ಅಂಗಡಿಯಲ್ಲಿ ನಿಂತೇ ಒಂದು ಪರೀಕ್ಷೆ ಮಾಡುತ್ತೇನೆ. ಅಕ್ಷರದ ಮೇಲೆ ಅಂಗೈ ಮುಚ್ಚಿ ಬರೀ ಚಿತ್ರ ನೋಡುತ್ತಾ ಪುಟ ತಿರುಗಿಸುತ್ತೇನೆ. ಕಥೆ ಅರ್ಧದಷ್ಟಾದರೂ ತಿಳಿಯಬೇಕು. ಮುಖಗಳಲ್ಲಿ ಬೇರೆ ಬೇರೆ ಭಾವ ಇರಬೇಕು. ಎಲ್ಲ ಪುಟದಲ್ಲೂ ಎಲ್ಲ ಮಕ್ಕಳೂ ಹಲ್ಲು ಬಿಟ್ಟು ನಗುತ್ತಿದ್ದರೆ ಆ ಪುಸ್ತಕವನ್ನು ಅಲ್ಲೇ ಇಟ್ಟು ಬರುತ್ತೇನೆ. ಮುಖ ಊದಿಸಿಕೊಂಡವನು, ಬಾಯಿಗೆ ಬೆರಳಿಟ್ಟುಕೊಂಡವಳು, ಹಿಂದೆ ಕೈ ಕಟ್ಟಿ ಏನನ್ನೋ ಅಡಗಿಸಿದವನು ಚಿತ್ರದಲ್ಲಿ ಇದ್ದರೆ ಮಗುವಿಗೆ ಮಾತಾಡಲು ವಿಷಯ ಸಿಗುತ್ತದೆ.

ಇನ್ನು ಪಾತ್ರಗಳು. ಕರಡಿ, ಮೊಲ, ಆನೆಮರಿಗಳ ಕಥೆ ಮಕ್ಕಳಿಗೆ ಪ್ರಾಣ, ನನಗೂ ಇಷ್ಟ. ಆದರೆ ಕೆನಡಾದ ಟೊರೊಂಟೊದ ಸಂಶೋಧಕರು 4ರಿಂದ 6 ವರ್ಷದ ಮಕ್ಕಳ ಮೇಲೆ ಮಾಡಿದ ಒಂದು ಅಧ್ಯಯನ 2017ರಲ್ಲಿ ಪ್ರಕಟವಾಯಿತು. ಹಂಚಿಕೊಳ್ಳುವ ಬಗ್ಗೆ ಇದ್ದ ಒಂದೇ ಕಥೆಯನ್ನು ಕೆಲವು ಮಕ್ಕಳಿಗೆ ಪ್ರಾಣಿಗಳ ಚಿತ್ರದಲ್ಲಿ, ಇನ್ನು ಕೆಲವರಿಗೆ ಮನುಷ್ಯರ ಚಿತ್ರದಲ್ಲಿ ಓದಿ ಹೇಳಿದರು. ಆಮೇಲೆ ಮಕ್ಕಳು ತಮಗೆ ಸಿಕ್ಕ ಸ್ಟಿಕರ್‌ಗಳಲ್ಲಿ ಎಷ್ಟನ್ನು ಬೇರೆ ಮಗುವಿಗೆ ಕೊಡುತ್ತಾರೆ ಅಂತ ನೋಡಿದರು. ಮನುಷ್ಯರ ಕಥೆ ಕೇಳಿದವರು ಮೊದಲಿಗಿಂತ ಹೆಚ್ಚು ಕೊಟ್ಟರು, ಪ್ರಾಣಿಗಳ ಕಥೆ ಕೇಳಿದವರು ಹಾಗೆ ಕೊಡಲಿಲ್ಲ. ಪ್ರಾಣಿ ಕಥೆ ಓದಬೇಡಿ ಅಂತ ನಾನು ಖಂಡಿತ ಹೇಳುವುದಿಲ್ಲ. ನಗುವುದಕ್ಕೆ, ಕನಸಿಗೆ, ಮಾತಿನ ಸೊಗಸಿಗೆ ಅವು ಬೇಕೇ ಬೇಕು. ನಾಳೆ ಶಾಲೆಯಲ್ಲಿ ಮಾಡಿ ನೋಡಬೇಕಾದ ಕೆಲಸ ಇದ್ದರೆ ಮಾತ್ರ, ಚಡ್ಡಿ-ಲಂಗ ಹಾಕಿಕೊಂಡು ಬ್ಯಾಗು ಹೊತ್ತ ಮಕ್ಕಳ ಪುಸ್ತಕವನ್ನೇ ಆರಿಸಿ.

ಹೆದರಿಸುವ ಕಥೆಗಳ ವಿಷಯ ಇದಕ್ಕಿಂತ ಮುಖ್ಯ. ಸುಳ್ಳು ಹೇಳಿದ ಹುಡುಗನ ಕುರಿ ತೋಳದ ಪಾಲಾಯಿತು ಅಂತ ನಾವೆಲ್ಲ ಕೇಳಿಕೊಂಡೇ ಬೆಳೆದವರು. 2014ರ ಒಂದು ಅಧ್ಯಯನದಲ್ಲಿ ಕ್ಯಾಂಗ್ ಲೀ ಎಂಬ ಮನಶ್ಶಾಸ್ತ್ರಜ್ಞ ಮತ್ತು ಅವರ ಜೊತೆಗಾರರು 3ರಿಂದ 7 ವರ್ಷದ ಮಕ್ಕಳಿಗೆ "ತಿರುಗಿ ಆಟಿಕೆ ನೋಡಬೇಡ" ಅಂತ ಹೇಳಿ ಹೊರಗೆ ಹೋದರು. ವಾಪಸು ಬಂದು ಒಂದು ಕಥೆ ಓದಿ, ಆಮೇಲೆ "ನೋಡಿದೆಯಾ?" ಅಂತ ಕೇಳಿದರು. ತೋಳದ ಕಥೆ ಕೇಳಿದ ಮಕ್ಕಳು ಹೆಚ್ಚೇನೂ ನಿಜ ಹೇಳಲಿಲ್ಲ. ಚೆರ್ರಿ ಮರ ಕಡಿದೆ ಅಂತ ಒಪ್ಪಿಕೊಂಡ ಬಾಲಕ ವಾಷಿಂಗ್ಟನ್ನನನ್ನು (ಮುಂದೆ ಅಮೆರಿಕದ ಮೊದಲ ಅಧ್ಯಕ್ಷನಾದವನು) ಅಪ್ಪ ಮೆಚ್ಚಿಕೊಳ್ಳುವ ಕಥೆ ಕೇಳಿದವರಲ್ಲಿ ನಿಜ ಹೇಳಿದವರು ಹೆಚ್ಚಾದರು. ಅದೇ ಕಥೆಯ ಕೊನೆಯನ್ನು ಶಿಕ್ಷೆಗೆ ತಿರುಗಿಸಿದಾಗ ಆ ಪರಿಣಾಮ ಕಾಣಲಿಲ್ಲ. ನಮ್ಮ ಪುಣ್ಯಕೋಟಿ ಇಷ್ಟು ತಲೆಮಾರುಗಳ ಮಕ್ಕಳ ಮನಸ್ಸಲ್ಲಿ ಉಳಿದದ್ದಕ್ಕೂ ಇದೇ ಕಾರಣ ಇರಬೇಕು ಅಂತ ನನಗೆ ಅನ್ನಿಸುತ್ತದೆ. ಅಲ್ಲಿ ಮಾತಿಗೆ ತಪ್ಪಿದವರಿಗೆ ಆದ ಗತಿಯ ಕಥೆಯಿಲ್ಲ, ಮಾತು ಉಳಿಸಿಕೊಂಡವಳನ್ನು ಕಂಡು ಹುಲಿಯ ಮನಸ್ಸು ಕರಗಿದ ಕಥೆ ಇದೆ. (ಹುಲಿ ಪ್ರಾಣ ಬಿಡುವಲ್ಲಿ ನಮ್ಮ ತರಗತಿಯಲ್ಲಿ ಪ್ರತಿ ಸಲ ಯಾರಾದರೂ ಅಳುತ್ತಾರೆ. ಅಳಲಿ ಬಿಡಿ. ಹುಲಿಗಾಗಿ ಅಳಬಲ್ಲ ಮಗುವಿಗೆ ದಯೆಯ ಪಾಠ ಬೇರೆ ಬೇಕಿಲ್ಲ.) ಆದ್ದರಿಂದ ಕಿತ್ತುಕೊಂಡವನಿಗೆ ಪೆಟ್ಟು ಬಿತ್ತು ಎನ್ನುವ ಪುಸ್ತಕಕ್ಕಿಂತ, ವಾಪಸು ಕೊಟ್ಟಾಗ ಏನಾಯಿತು ಅಂತ ತೋರಿಸುವ ಪುಸ್ತಕ ಕೊಳ್ಳಿ.

ಪುಸ್ತಕದಲ್ಲಿರುವ ಶಾಲೆ ನಿಮ್ಮ ಮಗುವಿನ ಶಾಲೆಯಂತಿದೆಯೇ ಅಂತಲೂ ನೋಡಿ. ಮಕ್ಕಳ ಸಾಹಿತ್ಯದ ವಿದ್ವಾಂಸೆ, ಅಮೆರಿಕದ ರುಡೀನ್ ಸಿಮ್ಸ್ ಬಿಷಪ್ 1990ರಲ್ಲಿ ಮಕ್ಕಳ ಪುಸ್ತಕವನ್ನು ಕನ್ನಡಿಗೂ ಕಿಟಕಿಗೂ ಹೋಲಿಸಿದರು. ಮಗು ಅದರಲ್ಲಿ ತನ್ನನ್ನೂ ಕಾಣಬೇಕು, ಹೊರಗಿನವರನ್ನೂ ಕಾಣಬೇಕು. ಮೊದಲ ಪುಸ್ತಕ ಕನ್ನಡಿಯಾಗಿರಲಿ: ಜಮಖಾನೆ ಹಾಸಿದ ನೆಲ, ಸಾಲಾಗಿ ಬಿಟ್ಟ ಚಪ್ಪಲಿ, ಎರಡು ಜಡೆಗೆ ರಿಬ್ಬನ್ನು, ಬಿಸಿಯೂಟದ ಸಾಲು. ಗಾಲಿಕುರ್ಚಿಯ ಮಗು, ಬೇರೆ ಊಟ ತರುವ ಮಗು, ಮನೆಯಲ್ಲಿ ಬೇರೆ ಭಾಷೆ ಮಾತಾಡುವ ಮಗು ಇರುವ ಪುಸ್ತಕಗಳನ್ನು ಅದರ ಹಿಂದೆಯೇ ತನ್ನಿ.

3. ಎಲ್ಲಿ ಸಿಗುತ್ತವೆ?

ದುಡ್ಡು ಖರ್ಚು ಮಾಡದೆ ಶುರು ಮಾಡಬಹುದು. ಬೆಂಗಳೂರಿನಲ್ಲಿ 2004ರಲ್ಲಿ ಹುಟ್ಟಿದ ಪ್ರಥಮ್ ಬುಕ್ಸ್ ಸಂಸ್ಥೆ 2015ರಲ್ಲಿ ಸ್ಟೋರಿವೀವರ್ ಜಾಲತಾಣ ತೆರೆಯಿತು. ಅಲ್ಲಿ ಕನ್ನಡ ಚಿತ್ರಪುಸ್ತಕಗಳನ್ನು ಉಚಿತವಾಗಿ ಓದಬಹುದು, ಇಳಿಸಿಕೊಂಡು ಮುದ್ರಿಸಿಕೊಳ್ಳಲೂಬಹುದು, ಅವು ಮುಕ್ತ ಪರವಾನಗಿಯಲ್ಲಿವೆ. ಓದಿನ ಹಂತಗಳು 4. ಪುಟ್ಟವರಿಗೆ 1 ಮತ್ತು 2ನೇ ಹಂತ ಸಾಕು. ಹೊರದೇಶದಲ್ಲಿರುವ ಕನ್ನಡದ ಮನೆಗಳಿಗೂ ಇದು ಒಳ್ಳೆಯ ದಾರಿ. ಇಲ್ಲಿ ಅಜ್ಜಿ, ಅಲ್ಲಿ ಮೊಮ್ಮಗ ಒಂದೇ ಪುಟ ತೆರೆದುಕೊಂಡು ವಿಡಿಯೊ ಕರೆಯಲ್ಲಿ ಓದಿಕೊಳ್ಳಬಹುದು. ಕೊಳ್ಳುವುದಾದರೆ ನ್ಯಾಷನಲ್ ಬುಕ್ ಟ್ರಸ್ಟ್‌ನ ಪುಸ್ತಕಗಳು ಅಗ್ಗ. ಚೆನ್ನೈನ ತೂಲಿಕಾ ಕನ್ನಡದಲ್ಲೂ ಪ್ರಕಟಿಸುತ್ತದೆ, ನವಕರ್ನಾಟಕದ ಮಳಿಗೆಗಳಲ್ಲಿ ಮಕ್ಕಳ ಪುಸ್ತಕಗಳು ಸಿಗುತ್ತವೆ. ಹಳ್ಳಿಯಲ್ಲಿದ್ದರೆ ಗ್ರಾಮ ಪಂಚಾಯಿತಿಯ ಗ್ರಂಥಾಲಯಕ್ಕೆ ಮಗುವನ್ನೇ ಕರೆದುಕೊಂಡು ಹೋಗಿ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಪ್ರತಿ ಶಾಲೆಯಲ್ಲೂ ಕಥೆಪುಸ್ತಕಗಳಿರುವ ಗ್ರಂಥಾಲಯ ಇರಲೇಬೇಕು. ನಿಮ್ಮ ಶಾಲೆಯಲ್ಲಿ ಅವು ಬೀರುವಿನ ಒಳಗೆ ಬೀಗ ಹಾಕಿಸಿಕೊಂಡು ಕೂತಿದ್ದರೆ ಶಾಲಾಭಿವೃದ್ಧಿ ಸಮಿತಿಯ (ಎಸ್‌ಡಿಎಂಸಿ) ಸಭೆಯಲ್ಲಿ ಧೈರ್ಯವಾಗಿ ಕೇಳಿ.

4. ಮೊದಲ ಓದು: ಬರೀ ಕಥೆ

ನೀವು ಒಬ್ಬರೇ ಒಮ್ಮೆ ಓದಿಕೊಳ್ಳಿ. ಪುಸ್ತಕದ ಕನ್ನಡ ಪಠ್ಯಪುಸ್ತಕದ ಹಾಗೆ ಬಿಗಿಯಾಗಿದ್ದರೆ ಅದನ್ನು ನಿಮ್ಮ ಮನೆಮಾತಿಗೆ ಇಳಿಸಿ. "ಅವನು ದುಃಖಿತನಾದನು" ಅಂತ ಅಚ್ಚಾಗಿದ್ದರೂ ಬೆಂಗಳೂರಿನ ಕಡೆಯವರು "ಅವನಿಗೆ ಬೇಜಾರಾಯ್ತು" ಅಂತ ಓದಲಿ, ಧಾರವಾಡದವರು "ಅಂವಗ ಬ್ಯಾಸರಾತು" ಅಂತ ಓದಲಿ. ಮನೆಯಲ್ಲಿ ತುಳು, ಕೊಂಕಣಿ, ಉರ್ದು ಅಥವಾ ಲಂಬಾಣಿ ಆಡುವವರು ಚಿತ್ರ ತೋರಿಸುತ್ತಾ ತಮ್ಮ ಭಾಷೆಯಲ್ಲೇ ಹೇಳಲಿ. ಭಾವಕ್ಕೆ ಮಗುವಿನ ಮನಸ್ಸಲ್ಲಿರುವ ಹೆಸರು ಮನೆಮಾತಿನ ಹೆಸರೇ.

ರಾತ್ರಿ ಊಟವಾದ ಮೇಲೆ 10 ನಿಮಿಷ ಸಾಕು. ಮಗು ತೊಡೆಯ ಮೇಲೆ ಅಥವಾ ಪಕ್ಕದಲ್ಲಿ ಕೂತಿರಲಿ, ಪುಟ ತಿರುಗಿಸುವ ಕೆಲಸ ಅದರದೇ. ಮೊದಲ ಸಲ ಏನೂ ಕೇಳಬೇಡಿ, ಬೆರಳು ತೋರಿಸಿ ಏನೂ ಹೇಳಬೇಡಿ. ಮಗು ಒಂದು ಪುಟದಲ್ಲಿ ನಿಂತುಬಿಟ್ಟರೆ ನೀವೂ ನಿಲ್ಲಿ. ಮುಗಿದ ಮೇಲೆ "ಇನ್ನೊಂದ್ಸಲ" ಅಂದರೆ ಇನ್ನೊಂದು ಸಲ ಓದಿ. ಅದಕ್ಕಿಂತ ಒಳ್ಳೆಯ ಗುರುತು ಇಲ್ಲ.

5. ಎರಡನೆಯ, ಮೂರನೆಯ ಓದು: ಈಗ ಮಾತು

1988ರ ಒಂದು ಅಧ್ಯಯನದಲ್ಲಿ ಗ್ರೋವರ್ ವೈಟ್‌ಹರ್ಸ್ಟ್ ಎಂಬ ಮನಶ್ಶಾಸ್ತ್ರಜ್ಞ ಮತ್ತು ಸಂಗಡಿಗರು ತಂದೆತಾಯಿಗಳಿಗೆ ಒಂದು ಸರಳ ಕ್ರಮ ಕಲಿಸಿದರು: ಚಿತ್ರ ತೋರಿಸಿ ಕೇಳು, ಮಗು ಹೇಳಿದ್ದನ್ನು ಕೇಳಿಸಿಕೋ, ಅದಕ್ಕೆ ಎರಡು ಮಾತು ಸೇರಿಸು, ಸೇರಿಸಿದ್ದನ್ನು ಮಗುವಿನ ಬಾಯಲ್ಲೂ ಬರಿಸು. ಹಾಗೆ ಓದಿಸಿಕೊಂಡ ಮಕ್ಕಳು ಒಂದೇ ತಿಂಗಳಲ್ಲಿ ಮಾತಿನಲ್ಲಿ ಮುಂದೆ ಬಂದರು. ಆ ಅಧ್ಯಯನ ನಡೆದದ್ದು ಭಾಷೆಯ ಬೆಳವಣಿಗೆಯ ಬಗ್ಗೆ. ಆದರೆ ಭಾವನೆಯ ಮಾತಿಗೂ ಇದೇ ಕ್ರಮ ಹೊಂದುತ್ತದೆ ಅನ್ನುವುದು ನನ್ನ ಅನುಭವ.

ಒಂದು ಉದಾಹರಣೆ ನೋಡಿ. ಚಿತ್ರದಲ್ಲಿ ಒಬ್ಬ ಹುಡುಗ ಕೆಂಪು ಕ್ರೇಯಾನ್ ಹಿಡಿದಿದ್ದಾನೆ. ಪಕ್ಕದ ಹುಡುಗಿಯ ಹಾಳೆಯಲ್ಲಿ ಅರ್ಧ ಬಣ್ಣ ತುಂಬಿದ ಸೂರ್ಯ ಇದೆ.

"ಇಲ್ಲಿ ಏನಾಗ್ತಿದೆ ಪುಟ್ಟಾ?"

"ಅವನು ತಗೊಂಡ."

"ಹೂಂ, ಕೆಂಪು ಬಣ್ಣ ಕಿತ್ಕೊಂಡ. ಅವಳ ಮುಖ ನೋಡು."

"ಕೋಪ."

"ಕೋಪ ಬಂದಿದೆ. ಬರೀ ಕೋಪಾನಾ?"

ಇಲ್ಲಿ ಸುಮ್ಮನಿರಿ. ಮನಸ್ಸಿನಲ್ಲೇ ಐದರವರೆಗೆ ಎಣಿಸಿ. ಬಹಳ ಸಲ ಅಷ್ಟು ಹೊತ್ತು ಬೇಕಾಗುತ್ತದೆ.

"ಸೂರ್ಯ ಇನ್ನೂ ಆಗಿಲ್ಲ. ಅದಕ್ಕೆ ಅಳು ಬರ್ತಿದೆ."

ಆ ಕೊನೆಯ ಮಾತು ನೀವು ಹೇಳಿಕೊಟ್ಟದ್ದಲ್ಲ. ಮಗು ಆ ಹುಡುಗಿಯ ಒಳಗೆ ಹೋಗಿ ತಂದದ್ದು. ಇಷ್ಟಾದ ಮೇಲೆ "ಅವನಿಗೆ ಕೆಂಪು ಬೇಕಿತ್ತಲ್ಲ, ಅವನು ಏನು ಅಂದಿದ್ದರೆ ಅವಳು ಕೊಡ್ತಿದ್ದಳು?" ಅಂತ ಕೇಳಬಹುದು. ಕಿತ್ತುಕೊಂಡವನ ಪರವಾಗಿಯೂ ಒಂದು ಪ್ರಶ್ನೆ ಇರಲೇಬೇಕು. ಅವನನ್ನು ಬರೀ ಕೆಟ್ಟವನನ್ನಾಗಿ ಮಾಡಿದರೆ, ನಿನ್ನೆ ತಾನೂ ಕಿತ್ತುಕೊಂಡಿದ್ದ ಮಗು ಒಳಗೊಳಗೇ ಮುದುಡಿಕೊಳ್ಳುತ್ತದೆ.

ಎರಡು ಪ್ರಶ್ನೆಗಳನ್ನು ಮಾತ್ರ ದಯವಿಟ್ಟು ಕೇಳಬೇಡಿ. "ಇದರ ನೀತಿ ಏನು?" ಅನ್ನುವುದು ಒಂದು. "ನೀನೂ ಹೀಗೇ ಮಾಡ್ತೀಯ ಅಲ್ವಾ?" ಅನ್ನುವುದು ಇನ್ನೊಂದು. ಎರಡನೆಯದು ಕೇಳಿದ ದಿನ ಮಗು ಆ ಪುಸ್ತಕವನ್ನು ಮಂಚದ ಕೆಳಗೆ ತಳ್ಳುತ್ತದೆ. ಅದೇ ಕಾರಣಕ್ಕೆ ಜಗಳವಾದ ಸಂಜೆಯೇ ಜಗಳದ ಪುಸ್ತಕ ತೆಗೆಯಬೇಡಿ. ಎರಡು ದಿನ ಕಳೆಯಲಿ, ಆಮೇಲೆ ಬೇರೆ ಪುಸ್ತಕಗಳ ನಡುವೆ ಅದೂ ಒಂದಾಗಿ ಬರಲಿ.

6. ಬಾಯಿಗೆ ಒಂದು ವಾಕ್ಯ ಕೊಡಿ

ಮರುದಿನ ಆಟದ ಮೈದಾನದಲ್ಲಿ ಭಾವನೆಯೊಂದೇ ಸಾಲದು, ಆಡುವುದಕ್ಕೆ ಮಾತು ಬೇಕು. ದೊಡ್ಡವರಿಗೆ ಇದು ತೀರಾ ಸಣ್ಣದು ಅನ್ನಿಸಬಹುದು. ಗೋಡೆಗೆ ಒರಗಿ ಕೂತ ಎಷ್ಟೋ ಮಕ್ಕಳಿಗೆ ಆಟದ ಆಸೆ ಬೇಕಾದಷ್ಟಿರುತ್ತದೆ, ಒಳಗೆ ಹೋಗುವಾಗ ಏನು ಹೇಳಬೇಕು ಅಂತಷ್ಟೇ ತಿಳಿದಿರುವುದಿಲ್ಲ. ಓದುತ್ತಾ ಓದುತ್ತಾ ಕಥೆಯ ಮಗುವಿನ ಬಾಯಲ್ಲಿ ಇಂಥ ಮಾತು ಹಾಕಿ, ಇಬ್ಬರೂ ಆಡಿ ತೋರಿಸಿ:

"ನಾನೂ ಬರಲಾ ಆಟಕ್ಕೆ?"
"ನಿನ್ನದಾದ ಮೇಲೆ ನನಗೆ ಕೊಡ್ತೀಯಾ?"
"ತಳ್ಳಬೇಡ. ನನಗೆ ನೋವಾಗುತ್ತೆ."
"ಮಿಸ್, ಒಂದಕ್ಕೆ ಹೋಗ್ಬೇಕು."

ಆಡುವಾಗ ನೀವು ಮಗುವಾಗಿ, ಮಗು ಟೀಚರ್ ಆಗಲಿ. ಒಂದು ಸಲ "ಇಲ್ಲ, ನೀನು ಬರಬೇಡ" ಅಂತಲೂ ಹೇಳಿ ನೋಡಿ. ಕೇಳಿದ ಕೂಡಲೇ ಎಲ್ಲರೂ ಸೇರಿಸಿಕೊಳ್ಳುತ್ತಾರೆ ಅಂತ ನಂಬಿಸಿ ಕಳಿಸಿದರೆ ಮೊದಲ "ಇಲ್ಲ"ಕ್ಕೇ ಮಗು ಕುಸಿಯುತ್ತದೆ. ಸ್ವಲ್ಪ ಹೊತ್ತು ಪಕ್ಕದಲ್ಲಿ ನಿಂತು ನೋಡುವುದು, ಆಟ ಏನು ಅಂತ ತಿಳಿದುಕೊಳ್ಳುವುದು, ಉರುಳಿ ಬಂದ ಚೆಂಡನ್ನು ಎತ್ತಿ ಕೊಡುವುದು, ಆಮೇಲೆ ಮತ್ತೊಮ್ಮೆ ಕೇಳುವುದು. ಈ ದಾರಿಯನ್ನೂ ಆಡಿ ತೋರಿಸಿ.

ಒಂದು ಎಚ್ಚರಿಕೆ. ನಿಮ್ಮ ಮಗುವನ್ನು ಯಾರೋ ದಿನವೂ ಹೊಡೆಯುತ್ತಿದ್ದರೆ, ಹೆಸರಿಟ್ಟು ಗೇಲಿ ಮಾಡುತ್ತಿದ್ದರೆ, ಶಾಲೆ ಅಂದ ಕೂಡಲೇ ಹೊಟ್ಟೆನೋವು ಬರುತ್ತಿದ್ದರೆ ಅದಕ್ಕೆ ಪುಸ್ತಕ ಪರಿಹಾರವಲ್ಲ. ಟೀಚರ್ ಹತ್ತಿರ ಹೋಗಿ ಮಾತಾಡಿ. ಮಗು ಅಪಾಯದಲ್ಲಿದೆ ಅನ್ನಿಸಿದರೆ ಮಕ್ಕಳ ಸಹಾಯವಾಣಿ 1098 ಇದೆ. ಪೆಟ್ಟು ತಿನ್ನುವ ಮಗುವಿಗೆ ಗೆಳೆತನದ ಕಥೆ ಓದಿ ಹೇಳಿದರೆ ತಪ್ಪು ತನ್ನದೇ ಇರಬೇಕು ಅಂತ ಅದು ತಿಳಿಯುತ್ತದೆ.

7. ತರಗತಿಯಲ್ಲಿ ಓದುವವರಿಗೆ

ಮಕ್ಕಳನ್ನು ಅರ್ಧ ಚಂದ್ರಾಕಾರದಲ್ಲಿ ನೆಲದ ಮೇಲೆ ಕೂರಿಸಿ, ನೀವೂ ನೆಲದಲ್ಲೇ ಕೂರಿ. ಪುಸ್ತಕ ಅವರ ಕಡೆ ತೆರೆದಿರಲಿ, ಹಿಂದಿನ ಸಾಲಿಗೂ ಮುಖಗಳು ಕಾಣಲಿ. ಒಂದು ವಾರ ಒಂದೇ ಪುಸ್ತಕ. ಓದಿ ಆದ ಮೇಲೆ ಅದನ್ನು ಮಕ್ಕಳ ಕೈಗೆ ಎಟಕುವ ಹಾಗೆ ಓದುವ ಮೂಲೆಯಲ್ಲಿ ದಾರಕ್ಕೆ ತೂಗುಹಾಕಿ. ಹರಿದರೆ ಅಂಟಿಸೋಣ, ಹರಿಯುವ ಪುಸ್ತಕವೇ ಓದಿಸಿಕೊಂಡ ಪುಸ್ತಕ. ಮತ್ತೆ, ಎಂದೂ ಒಂದೇ ಮಗುವಿನ ಮೇಲೆ ಕಣ್ಣು ನೆಟ್ಟು ಓದಬೇಡಿ. "ಇವನ ಹಾಗೇ" ಅಂತ ಒಮ್ಮೆ ಅಂದರೆ ವರ್ಷವಿಡೀ ಆ ಮಗುವಿಗೆ ಕಥೆಯ ಪಾತ್ರದ ಹೆಸರೇ ಅಡ್ಡಹೆಸರಾಗುತ್ತದೆ.

8. ಸಿಗದಿದ್ದರೆ ನೀವೇ ಮಾಡಿ

ನಿಮ್ಮ ಮಗುವಿಗೆ ಸರಿಹೊಂದುವ ಪುಸ್ತಕ ಸಿಗಲೇ ಇಲ್ಲವೇ? ಎರಡು ಎ4 ಹಾಳೆ ತೆಗೆದುಕೊಳ್ಳಿ. ಒಂದರ ಮೇಲೊಂದು ಇಟ್ಟು ನಡುವೆ ಮಡಚಿದರೆ 8 ಪುಟ. ಮಡಿಕೆಯಲ್ಲಿ ಸೂಜಿದಾರದಿಂದ ಮೂರು ಹೊಲಿಗೆ ಹಾಕಿ. ಸ್ಟೇಪ್ಲರ್ ಪಿನ್ ಪುಟ್ಟ ಬೆರಳಿಗೆ ಚುಚ್ಚುತ್ತದೆ.

1ನೇ ಪುಟದಲ್ಲಿ ಮಗುವಿನ ಹೆಸರಿನ ಮುಖಪುಟ. 2ರಲ್ಲಿ ಶಾಲೆಯ ಗೇಟು, 3ರಲ್ಲಿ ಚಪ್ಪಲಿ ಬಿಡುವ ಜಾಗ. 4 ಮತ್ತು 5 ಎದುರುಬದುರು ಬರುವ ದೊಡ್ಡ ಜಾಗ, ಕಥೆಯ ತೊಡಕು ಅಲ್ಲಿರಲಿ: ಆಟ ಆಡುತ್ತಿರುವ ಮಕ್ಕಳು ಒಂದು ಕಡೆ, ಒಂಟಿ ಮಗು ಇನ್ನೊಂದು ಕಡೆ. 6ರಲ್ಲಿ ಮಗು ಹೇಳುವ ಒಂದು ವಾಕ್ಯ. 7ರಲ್ಲಿ ಆಮೇಲೆ ಆದದ್ದು. 8ನೇ ಪುಟ ಖಾಲಿ ಬಿಡಿ. ನಿಮಗೆ ಚಿತ್ರ ಬರದಿದ್ದರೂ ಅಡ್ಡಿಯಿಲ್ಲ. ಗೀಟಿನ ಕೈಕಾಲು, ದುಂಡು ತಲೆ, ಬಾಯಿ ಮೇಲೆ ಬಾಗಿದರೆ ನಗು, ಕೆಳಗೆ ಬಾಗಿದರೆ ಬೇಜಾರು. ಬಣ್ಣ ಮಗುವೇ ತುಂಬಲಿ. ಪುಟಕ್ಕೆ ಒಂದೇ ಸಾಲು ಬರೆಯಿರಿ, ಅದೂ ಮಗು ಹೇಳಿದ ಮಾತಿನಲ್ಲೇ.

ಮೊದಲಲ್ಲಿ ಹೇಳಿದೆನಲ್ಲ, ಗೋಡೆಗೆ ಬೆನ್ನು ಕೊಟ್ಟು ಕೂರುವ ಮಗು. ಅಂಥ ಒಬ್ಬಳ ಜೊತೆ ಆಗಸ್ಟ್ ತಿಂಗಳಲ್ಲಿ ನಾನು ಈ ಪುಸ್ತಕ ಮಾಡಿದೆ. 6ನೇ ಪುಟದ ವಾಕ್ಯ ಏನಿರಲಿ ಅಂತ ಕೇಳಿದರೆ ಮೂರು ದಿನ ಏನೂ ಹೇಳಲಿಲ್ಲ, ಆ ಪುಟವನ್ನು ಹಾಗೇ ಬಿಟ್ಟೆ. ನಾಲ್ಕನೆಯ ದಿನ ಕಿವಿಯ ಹತ್ತಿರ ಬಂದು "ನಾನೂ ಬರ್ಲಾ" ಅಂದಳು, ಬರೆದೆ. 8ನೇ ಪುಟವನ್ನು ಅವಳು ತುಂಬಿ ತಂದದ್ದು ದಸರೆ ರಜೆ ಮುಗಿದ ಮೇಲೆ. ಮನುಷ್ಯರ ಚಿತ್ರವೇ ಇರಲಿಲ್ಲ, ಪಕ್ಕಪಕ್ಕದಲ್ಲಿ ನಾಲ್ಕು ಚಪ್ಪಲಿ, ಎರಡಕ್ಕೆ ನೀಲಿ ಬಣ್ಣ, ಎರಡಕ್ಕೆ ಗುಲಾಬಿ.

"ಇದು ಯಾರದ್ದಮ್ಮಾ?"

"ಒಂದು ನಂದು, ಒಂದು ಅವಳದು ಮಿಸ್. ಒಟ್ಟಿಗೆ ಬಿಟ್ಟಿದೀವಿ."